ತೋಟಾ ತುಂಬುವ ದಿನ ಒಲೆ ಹಚ್ಚುವಂತಿಲ್ಲ

ಮನೆಯಿಂದ ಹೊರಟು ಗೇಟಿನ ತನಕ ಹೋಗಿ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮತ್ತೆ ಒಳಗೆ ಬಂದು ನೋಡುವ ಹೆಂಗಸರು ಬೇಕಾದಷ್ಟು ಇದ್ದಾರೆ. ನೋಡಿದ ಮೇಲೆ, ನಿಜವಾಗಿ ನೋಡಿದೆನೋ ಅಥವಾ ನೋಡಿದೆ ಅಂತ ಅಂದುಕೊಂಡೆನೋ ಎಂಬ ಅನುಮಾನಕ್ಕೆ ಇನ್ನೊಂದು ಸಲ ಬೀಗ ತೆಗೆಯುವವಳು ನಾನು. ನನ್ನ ಗಂಡ ಸ್ಕೂಟರನ್ನು ಸ್ಟಾರ್ಟ್ ಮಾಡಿಕೊಂಡೇ ಕಾಯುತ್ತಾರೆ, ಕಾಯುವಷ್ಟು ಹೊತ್ತೂ ನನ್ನ ತಾತನನ್ನು ಬಯ್ಯುತ್ತಾರೆ. ಅವರು ತಾತನನ್ನು ಕಣ್ಣಾರೆ ಕಂಡವರಲ್ಲ. ಆದರೂ ಬಯ್ಯುವುದರಲ್ಲಿ ನ್ಯಾಯವಿದೆ. ಓರಗೆಯ ಮಕ್ಕಳು ಬೀದಿಯಲ್ಲಿ ಲಗೋರಿ ಆಡುತ್ತಿದ್ದ ಕಾಲದಲ್ಲಿ ತಾತ ನನ್ನನ್ನು ನಡುಮನೆಯಲ್ಲಿ ಎದುರಿಗೆ ಕೂರಿಸಿಕೊಂಡು, ಕೋವಿಯ ಮದ್ದು ಹಾಕಿದ ಹಿತ್ತಾಳೆ ತೋಟಾಗಳೊಳಗೆ ಒಂದೊಂದಾಗಿ ಇಣುಕಿ ನೋಡಿಸುತ್ತಿದ್ದ. ಒಂದರಲ್ಲಿ ಮದ್ದು ಎರಡು ಸಲ ಬಿದ್ದಿದೆಯೋ, ಇನ್ನೊಂದು ಖಾಲಿಯೇ ಉಳಿದಿದೆಯೋ ಎಂದು ನೋಡುವುದು ನನ್ನ ಕೆಲಸ. ನಾನು ತಲೆಯಾಡಿಸಿದರೆ ಆತನಿಗೆ ಸಾಲದು.

“ನೋಡ್ದಾ ಕೂಸೇ?”

“ನೋಡ್ದೆ ತಾತ.”

“ನೋಡ್ದೆ ಅಂತ ನಿಂಗೆ ಗ್ಯಾಪ್ಕ ಐತಾ, ಇಲ್ಲಾ ನಾನ್ ಕೇಳ್ದೆ ಅಂತ ಅಂದ್ಯಾ?”

ಇಂಥ ಪ್ರಶ್ನೆ ಕೇಳಿಸಿಕೊಂಡು ಬೆಳೆದ ಹುಡುಗಿ ಮುಂದೆ ಎಂಥ ಹೆಂಗಸಾಗಬಹುದೋ ಅಂಥವಳೇ ಆಗಿದ್ದೇನೆ.

ನಮ್ಮ ಮನೆ ದೊಡ್ಡಆಲಹಳ್ಳಿಯಿಂದ ಇನ್ನೂ ಒಳಗೆ, ಬಸ್ಸು ಬಂದು ಅರಳಿಕಟ್ಟೆ ಸುತ್ತಿಕೊಂಡು ವಾಪಸು ಹೋಗುವ ಒಂದು ಹಳ್ಳಿಯಲ್ಲಿತ್ತು. ಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಎಡಕ್ಕೆ ಹೊಗೆ ತುಂಬಿದ ಅಡುಗೆಮನೆ, ಬಲಕ್ಕೆ ಗಾಳಿ ಬೆಳಕು ಎರಡೂ ಚೆನ್ನಾಗಿದ್ದ ದೊಡ್ಡ ಕೋಣೆ. ಆ ಒಳ್ಳೆಯ ಕೋಣೆ ಮನುಷ್ಯರಿಗಲ್ಲ, ರೇಷ್ಮೆ ಹುಳುಗಳಿಗೆ. ಹುಳುವಿಗೆ ಸೆಕೆ ಆಗಬಾರದು, ಥಂಡಿ ಆಗಬಾರದು, ಇರುವೆ ಬರಬಾರದು, ಒಗ್ಗರಣೆಯ ಘಾಟು ತಾಕಬಾರದು. ನಮಗೆ ಇದೆಲ್ಲ ಆಗಬಹುದಿತ್ತು. ಹುಳು ದೊಡ್ಡದಾಗಿ ಹಗಲಿರುಳೂ ಸೊಪ್ಪು ತಿನ್ನುವ ವಾರದಲ್ಲಿ, ದೂರದಲ್ಲೆಲ್ಲೋ ಒಂದು ಊರಿನ ಜನವೆಲ್ಲ ಕೂತು ಹಪ್ಪಳ ಮುರಿಯುತ್ತಿದ್ದಾರೇನೋ ಎಂಬಂಥ ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು. ಅದು ನಿಂತುಬಿಟ್ಟರೆ ನನಗೆ ನಿದ್ದೆ ಬರುತ್ತಿರಲಿಲ್ಲ, ಹುಳು ಸತ್ತವೋ ಎಂಬ ಭಯ. ಹುಳುಮನೆಯ ಯಜಮಾನಿಕೆ ನನ್ನ ಅವ್ವನದು. ಅಡುಗೆಮನೆಯದು ಅಜ್ಜಿಯದು. ಗೂಡು ಬಿಡಿಸಿದ ಮೇಲೆ ರಾಮನಗರದ ಮಾರುಕಟ್ಟೆಗೆ ಹೊತ್ತುಕೊಂಡು ಹೋಗುವುದು ಅಪ್ಪನದು. ಅಪ್ಪ ಸಾಧು ಮನುಷ್ಯ. ಅಜ್ಜಿ ಮತ್ತು ಅವ್ವನ ನಡುವೆ ಮೊದಲ ಮಾತು ಏರಿದ ಕೂಡಲೇ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು “ಮಾರ್ಕೆಟ್ ಎಂಗೈತೋ ನೋಡ್ಕ ಬತ್ತೀನಿ” ಎಂದು ಹೊರಟುಬಿಡುತ್ತಿದ್ದ. ಮನೆಯಲ್ಲಿ ಒಂದೂ ಗೂಡು ಇಲ್ಲದ ತಿಂಗಳಲ್ಲೂ ಆತನಿಗೆ ಮಾರುಕಟ್ಟೆಯ ಚಿಂತೆ.

ಮಾತು ಏರುವುದಕ್ಕೆ ಕಾರಣ ಬೇಕಾಗಿರಲಿಲ್ಲ. ಮುದ್ದೆ ಗಂಟಾಯಿತು ಎಂದರೆ ಜಗಳ, ಗಂಟಾಗಲಿಲ್ಲ ಎಂದರೂ ‘ಇವತ್ತು ಮಾತ್ರ ಎಂಗೆ ಸರಿಯಾಯ್ತು’ ಎಂದು ಜಗಳ. ಅವ್ವನ ತವರು ಮಾಗಡಿ ಕಡೆಯ ತಿಪ್ಪಸಂದ್ರ. ಅಲ್ಲಿಯವರು ಸಾರಿಗೆ ಬೆಲ್ಲ ಹಾಕುತ್ತಾರೆ ಎಂದು ಅಜ್ಜಿ ಯಾರಿಂದಲೋ ಕೇಳಿದ್ದಳು, ಅದನ್ನು ಸಾಯುವ ತನಕ ನಂಬಿದ್ದಳು. ಜಗಳ ಮಿತಿ ಮೀರಿದಾಗ ಅವ್ವ “ನಾನ್ ತಿಪ್ಪಸಂದ್ರಕ್ಕೆ ಓಯ್ತೀನಿ” ಎನ್ನುತ್ತಿದ್ದಳು. ಹೋಗುತ್ತಿರಲಿಲ್ಲ. ಆದರೆ ಅವಳು ಅಂದ ದಿನವೆಲ್ಲ ನಾನು ಅವಳ ಸೆರಗು ಹಿಡಿದು ಓಡಾಡುತ್ತಿದ್ದೆ. ನನ್ನನ್ನು ಕರೆದುಕೊಂಡು ಹೋಗುತ್ತಾಳೋ ಬಿಟ್ಟು ಹೋಗುತ್ತಾಳೋ ಎಂಬುದು ಒಂದು ಚಿಂತೆ. ಕರೆದುಕೊಂಡು ಹೋದರೆ ತಾತ, ಅಜ್ಜಿ, ಅಪ್ಪ ಇಲ್ಲಿ, ಬಿಟ್ಟು ಹೋದರೆ ಅವ್ವ ಅಲ್ಲಿ. ಎರಡು ಕಡೆಯಿಂದ ಲೆಕ್ಕ ಹಾಕಿದರೂ ಮನೆ ಮುರಿಯುತ್ತಿತ್ತು.

ಇಂಥ ಮನೆಯಲ್ಲಿ ಶಾಂತಿ ತರುತ್ತಿದ್ದದ್ದು ಒಂದು ರಿವಾಲ್ವರ್ ಎಂದರೆ ಓದುವವರಿಗೆ ನಗು ಬರಬಹುದು. ತಾತ ಸೈನ್ಯದಲ್ಲಿದ್ದು ಬಂದವನು. ದೇಶ ಬಿಟ್ಟು ಹೊರಟ ಬಿಳಿಯ ಅಧಿಕಾರಿಯೊಬ್ಬ ತನ್ನ ಹಳೆಯ ಮಿಲಿಟರಿ ರಿವಾಲ್ವರನ್ನು, ಅದರ ಕಾಗದಪತ್ರದ ಸಮೇತ, ತಾತನಿಗೆ ಕೊಟ್ಟುಹೋಗಿದ್ದನಂತೆ. ಯಾಕೆ ಕೊಟ್ಟ ಎಂಬುದಕ್ಕೆ ತಾತನ ಉತ್ತರ ಕೇಳುವವರ ಮೇಲೆ ನಿಂತಿತ್ತು: ಗಂಡಸರು ಕೇಳಿದರೆ ಸಾಹಸದ ಕತೆ, ಹೆಂಗಸರು ಕೇಳಿದರೆ ನಿಯತ್ತಿನ ಕತೆ, ಪೊಲೀಸರು ಕೇಳಿದರೆ ಲೈಸೆನ್ಸು. ಊರಿನವರು ಅದನ್ನು ಪಿಸ್ತೂಲು ಎನ್ನುತ್ತಿದ್ದರು, ತಾತನನ್ನು ಮಿಲ್ಟ್ರಿ ಗೌಡ್ರು. ಕಾಡಿನಿಂದ ಆನೆ ಇಳಿದು ರಾಗಿಹೊಲಕ್ಕೆ ಬಂದಾಗ ಆಕಾಶಕ್ಕೆ ಒಂದು ಗುಂಡು ಹಾರಿಸುವುದಕ್ಕೆ ಅದು ಉಪಯೋಗಕ್ಕೆ ಬರುತ್ತಿತ್ತು. ಆನೆಗಳು ಹೆದರುತ್ತಿದ್ದವೋ ಅಥವಾ ಅಷ್ಟು ಹೊತ್ತಿಗೆ ಹೊಟ್ಟೆ ತುಂಬಿ ತಾವಾಗಿ ಹೊರಡುತ್ತಿದ್ದವೋ ಹೇಳಲಾರೆ. ಎಲೆಕ್ಷನ್ ಬಂತೆಂದರೆ ಲೈಸೆನ್ಸಿನವರೆಲ್ಲ ತಂತಮ್ಮ ಕೋವಿಯನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಇಟ್ಟುಬರಬೇಕು. ತಾತ ಅದನ್ನು ಪಂಚೆಯಲ್ಲಿ ಸುತ್ತಿಕೊಂಡು, ಮಗಳನ್ನು ಗಂಡನ ಮನೆಗೆ ಬಿಡಲು ಹೋಗುವವನ ಮುಖ ಹೊತ್ತು ಬಸ್ಸು ಹತ್ತುತ್ತಿದ್ದ. ಮುಂದೆ ಕೈಯಲ್ಲಿ ಶಕ್ತಿ ಇಲ್ಲದ ಕಾಲ ಬಂದಾಗ ಹಾಗೆ ಇಟ್ಟು ಬಂದದ್ದನ್ನು ತರಲೇ ಇಲ್ಲ.

ಆ ರಿವಾಲ್ವರಿನ ಅಳತೆಯ ತೋಟಾ ನಾನು ಹುಟ್ಟುವ ಮೊದಲೇ ಅಂಗಡಿಗಳಲ್ಲಿ ನಿಂತುಹೋಗಿತ್ತು. ಹಾಗಾಗಿ ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ನಮ್ಮ ಮನೆಯಲ್ಲಿ ಬಂಗಾರಕ್ಕಿಂತ ಹೆಚ್ಚು. ಅದನ್ನೇ ತಿಕ್ಕಿ, ಮತ್ತೆ ಮದ್ದು ತುಂಬಿ, ಸೀಸದ ಗುಂಡು ಕೂರಿಸಿ ಬಳಸಬೇಕು. ಹೀಗೆ ಮನೆಯಲ್ಲೇ ತುಂಬಿಕೊಳ್ಳಬಹುದೇ ಎಂದು ಲೈಸೆನ್ಸಿನಲ್ಲಿ ಬರೆದಿರಲಿಲ್ಲ. ತುಂಬಬಾರದು ಎಂದೂ ಬರೆದಿಲ್ಲವಲ್ಲ ಎಂಬುದು ತಾತನ ವಾದ. ಕಾನೂನನ್ನು ಹೀಗೆ ಓದುವ ತಾತನಿದ್ದರೆ ಮೊಮ್ಮಗಳು ಪೊಲೀಸ್ ಜೀಪಿನ ಸದ್ದಿಗೆಲ್ಲ ಬಾಗಿಲ ಹಿಂದೆ ಅಡಗುವುದು ಸಹಜ.

ಒಂದು ಬೆಳೆ ಗೂಡು ಮಾರಾಟವಾಗಿ ಮುಂದಿನ ಮರಿಹುಳು ಬರುವ ತನಕ ಹುಳುಮನೆ ಖಾಲಿ ಇರುತ್ತದಲ್ಲ, ಆ ಬಿಡುವಿನಲ್ಲೇ ತೋಟಾ ತುಂಬುವ ದಿನ ಬರುತ್ತಿತ್ತು. ಮದ್ದಿನ ವಾಸನೆ ಹುಳುವಿಗೆ ಆಗುವುದಿಲ್ಲ ಎಂದು ಅವ್ವ ಬೇರೆ ದಿನಕ್ಕೆ ಒಪ್ಪುತ್ತಿರಲಿಲ್ಲ. ಹಿಂದಿನ ದಿನವೇ ಅವ್ವ ಹಿತ್ತಾಳೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ದೇವರ ದೀಪಗಳ ಜೊತೆಯಲ್ಲೇ ಬಿಸಿಲಿಗೆ ಇಡುತ್ತಿದ್ದಳು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರಿಂದ ತಾತ ಒಂದು ಮರದ ಹಲಗೆ ಮಾಡಿಸಿ ತಂದಿದ್ದ. ಕೆಂಪು, ಹಳದಿ ಅರಗಿನ ಬಣ್ಣದ ಹಲಗೆ, ಅದರಲ್ಲಿ ತೋಟಾ ನಿಲ್ಲಿಸುವ ಗುಳಿಗಳು. ನೋಡಿದವರು ಮಕ್ಕಳ ಅಳಗುಳಿ ಮಣೆ ಎಂದುಕೊಳ್ಳಬೇಕು. ಬೆಳಿಗ್ಗೆ ಒಲೆಗೆ ನೀರು ಸುರಿದು, ಬೂದಿ ಕೆದಕಿ, ಕೆಂಡವಿಲ್ಲವೆಂದು ಅಂಗೈ ಇಟ್ಟು ನೋಡಿದ ಮೇಲೆಯೇ ತಾತ ಮದ್ದಿನ ಡಬ್ಬಿ ತೆಗೆಯುತ್ತಿದ್ದ. ಆ ದಿನ ಒಲೆ ಇಲ್ಲ, ದೀಪ ಇಲ್ಲ, ಬೀಡಿ ಇಲ್ಲ. ತಂಗಳು ಮುದ್ದೆ, ಮಜ್ಜಿಗೆ, ಈರುಳ್ಳಿ. ಮತ್ತೊಂದು ಕಟ್ಟಳೆ ಇತ್ತು, ಅದು ಬೆಂಕಿಗಿಂತ ಕಟ್ಟುನಿಟ್ಟಿನದು: ಹೊತ್ತು ಮುಳುಗುವ ತನಕ ಮನೆಯಲ್ಲಿ ಯಾರೂ ದನಿ ಎತ್ತುವಂತಿಲ್ಲ. ಸಿಟ್ಟು ಬಂದರೆ ಕೈ ನಡುಗುತ್ತದೆ, ಕೈ ನಡುಗಿದರೆ ಮದ್ದು ಹೆಚ್ಚಾಗುತ್ತದೆ, ಮದ್ದು ಹೆಚ್ಚಾದರೆ ಹಾರಿಸಿದವನ ಬೆರಳು ಹೋಗುತ್ತದೆ. ತಾತ ಇದನ್ನು ಒಂದು ಸಲ ಹೇಳಿದ್ದ, ಎಲ್ಲರೂ ನಂಬಿದ್ದರು.

ಆ ದಿನಗಳ ಸುಖವನ್ನು ಹೇಗೆ ಹೇಳಲಿ. ಅಜ್ಜಿ ಮತ್ತು ಅವ್ವ ಎದುರುಬದುರು ಕೂತು ಹುಣಸೆಬೀಜ ಬಿಡಿಸುತ್ತಿದ್ದರು. ಬಯ್ಯಬೇಕೆನ್ನಿಸಿದ್ದನ್ನು ಪಿಸುದನಿಯಲ್ಲಿ, ಆದಷ್ಟು ಮರ್ಯಾದೆಯಿಂದ ಹೇಳಬೇಕಾಗುತ್ತಿತ್ತು.

“ಉಪ್ಪಿನಕಾಯಿ ಜಾಡಿ ಮುಚ್ಚುಳ ನೆನ್ನೆ ಯಾರೋ ತಗದಿಟ್ಟಿದ್ರು ಕಣವ್ವ. ಯಾರು ಅಂತ ನಾನ್ ಕೇಳಾಕಿಲ್ಲ.”

“ಕೇಳ್ಬ್ಯಾಡಿ ಅತ್ತೆಮ್ಮ. ಕೇಳುದ್ರೆ ನಾನ್ ಯೋಳ್ಬೇಕಾಯ್ತದೆ.”

ಹೀಗೆ ಪಿಸುಗುಟ್ಟಿಕೊಂಡು ಇಬ್ಬರೂ ಒಮ್ಮೊಮ್ಮೆ ಕಿಸಕ್ಕನೆ ನಕ್ಕುಬಿಡುತ್ತಿದ್ದರು. ತಾತ ಕನ್ನಡಕದ ಮೇಲಿನಿಂದ ನೋಡುತ್ತಿದ್ದ. ಅಪ್ಪ ಮಾರುಕಟ್ಟೆಯನ್ನು ಮರೆತು ಜಗಲಿಯ ಮೇಲೆ ಮಲಗಿರುತ್ತಿದ್ದ. ಜಗತ್ತಿನಲ್ಲಿ ಯಾವ ಹುಡುಗಿಯೂ ಮದ್ದುಗುಂಡಿಗಾಗಿ ಅಷ್ಟು ಹಂಬಲಿಸಿರಲಾರಳು.

ಆನೆಗಿಂತ ದೊಡ್ಡ ಕಾರಣಕ್ಕೆ ತೋಟಾ ಬೇಕಾಗಿದ್ದದ್ದು ಆಯುಧಪೂಜೆಗೆ. ನಮ್ಮೂರಿನಲ್ಲಿ ನೇಗಿಲು, ಗಾಡಿ, ಸೈಕಲ್ಲು, ಊರಿನ ಒಂದೇ ಒಂದು ಟ್ರ್ಯಾಕ್ಟರು ಎಲ್ಲವೂ ತೊಳೆಸಿಕೊಂಡು, ಕುಂಕುಮ ಇಡಿಸಿಕೊಂಡು ನಮ್ಮ ಮನೆಯ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ತಾತ ಜಗಲಿಯ ಮೇಲೆ ನಿಂತು ಆಕಾಶಕ್ಕೆ ಗುಂಡು ಹಾರಿಸಿದ ಮೇಲೆಯೇ ಮೆರವಣಿಗೆ ಹೊರಡಬೇಕು. ಯಾವಾಗಿನಿಂದ ಈ ಪದ್ಧತಿ ಎಂದು ಯಾರೂ ಕೇಳುತ್ತಿರಲಿಲ್ಲ. ತಾತನೇ ಶುರು ಮಾಡಿದ್ದೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಅನಾದಿ ಕಾಲದ್ದೆಂಬ ಹಾಗೆ ನಡೆದುಕೊಳ್ಳುತ್ತಿದ್ದರು.

ಒಂದು ವರ್ಷ ತಾತ ಕೋಟು ಹಾಕಿಕೊಂಡು ಜಗಲಿಗೆ ಬಂದ. ಕೈ ಎತ್ತಿ ರಿವಾಲ್ವರಿನ ಕುದುರೆ ಎಳೆದ. ‘ಟಿಕ್’ ಎಂದಿತು. ಎತ್ತುಗಳೂ ಸುಮ್ಮನೆ ನಿಂತಿದ್ದವು. ಮತ್ತೆ ಎಳೆದ, ತೋಟಾ ಕೂರಿಸುವ ಗಿರಕಿ ತಿರುಗಿತು, ಮತ್ತೆ ಟಿಕ್. ಗಿರಕಿ ಪೂರ್ತಿ ಒಂದು ಸುತ್ತು ಬಂದರೂ ಒಂದು ತೋಟಾವೂ ಸದ್ದು ಮಾಡಲಿಲ್ಲ. ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಬೋರಣ್ಣ, ನಾಲಿಗೆ ತಡೆಯದ ಮನುಷ್ಯ, ಕೂಗಿದ.

“ಗೌಡ್ರೇ, ಬಾಯಲ್ಲೇ ಢಂ ಅನ್ಬುಡಿ, ಒಂಟೋಯ್ತೀವಿ. ಹೊತ್ತಾಯ್ತದೆ.”

ಊರೇ ನಕ್ಕಿತು. ತಾತನ ಕತ್ತಿನ ನರ ಉಬ್ಬಿದ್ದನ್ನು ಕಂಡೆ. ತೋಟಾದ ಪೆಟ್ಟಿಗೆ ಇರುತ್ತಿದ್ದದ್ದು ಹುಳುಮನೆಯ ಮೂಲೆಯ ಗೋಡೆಗೂಡಿನಲ್ಲಿ, ಅವ್ವನ ಸುಪರ್ದಿಯಲ್ಲಿ. ಹುಳುಮನೆಯಲ್ಲಿ ತಂಪಿಗೆಂದು ಒದ್ದೆ ಗೋಣಿ ಕಟ್ಟುತ್ತಾರೆ. ತಾತ ಹಿಂದು ಮುಂದು ನೋಡದೆ ಒಳಬಾಗಿಲಿನಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿದ.

“ಒದ್ದೆ ಗೋಣಿ ಪಕ್ಕ ಮಡಗಿ ಹಾಳ್ ಮಾಡವ್ಳೆ! ತಿಪ್ಪಸಂದ್ರದೋಳ್ಗೆ ಹುಳ ಮೇಯ್ಸಕ್ಕೆ ಗೊತ್ತು, ಮನೆ ಮರ್ವಾದೆ ಕಾಯಕ್ಕೆ ಗೊತ್ತಿಲ್ಲ!”

“ಪೆಟ್ಗೆ ಒಣಗಿದ್ ಜಾಗದಲ್ಲೇ ಇತ್ತು ಮಾವ,” ಎಂದಳು ಅವ್ವ. ಅಷ್ಟೇ. ಊರಿನವರ ಮುಂದೆ ಇನ್ನೊಂದು ಮಾತು ಆಡಲಿಲ್ಲ. ಅಜ್ಜಿಯೊಂದಿಗಾದರೆ ಆಡುತ್ತಿದ್ದಳು. ತಾತ ಅವಳಿಗೆ ಅಲ್ಲಿಯ ತನಕ ಎಂದೂ ಏರುದನಿಯಲ್ಲಿ ಮಾತಾಡಿದವನಲ್ಲ. ಗಾಡಿಗಳು ಗುಂಡಿಲ್ಲದೆಯೇ ಹೊರಟವು. ಆ ಸಂಜೆ ಅವ್ವ ಹೋಳಿಗೆ ಮುಟ್ಟಲಿಲ್ಲ. ಚೀಲಕ್ಕೆ ಸೀರೆ ಜೋಡಿಸಿದಳು, ಅದರ ಮೇಲೆ ನನ್ನ ಸ್ಕೂಲಿನ ಪುಸ್ತಕಗಳನ್ನು ಇಟ್ಟಳು. ರಜೆಗೆ ಹೋಗುವವರು ಪುಸ್ತಕ ಒಯ್ಯುವುದಿಲ್ಲ. ಸೀರೆ ನೋಡಿದಾಗ ಅಳು ಬಂದಿರಲಿಲ್ಲ, ಗಣಿತದ ಪುಸ್ತಕ ನೋಡಿದಾಗ ಬಂತು. ಅಪ್ಪ ಟವೆಲ್ ಹುಡುಕುತ್ತಿದ್ದ.

“ಮಧ್ಯಾನದ ಬಸ್ಸಿಗೆ ಓಯ್ತೀನಿ. ಅಲ್ಲೇ ಇಸ್ಕೂಲಿಗೆ ಸೇರಿಸ್ತೀನಿ,” ಎಂದಳು ಅವ್ವ, ಗೋಡೆಗೆ ಹೇಳಿದಂತೆ.

ಮಾರನೆಯ ದಿನ ವಿಜಯದಶಮಿ. ತಾತ ಎದ್ದವನೇ ಒಲೆಗೆ ನೀರು ಸುರಿದ. ಹಬ್ಬದ ದಿನ ಒಲೆ ಆರಿಸುವುದುಂಟೇ ಎಂದು ಅಜ್ಜಿ ಬಾಯಿ ತೆರೆದಳು, ಡಬ್ಬಿ ಹೊರಗೆ ಬಂದದ್ದು ಕಂಡು ಮುಚ್ಚಿಕೊಂಡಳು. ಕೆಟ್ಟ ತೋಟಾಗಳನ್ನು ಬಿಚ್ಚಿ ಮತ್ತೆ ತುಂಬದಿದ್ದರೆ ತಾತನಿಗೆ ಉಸಿರಾಡುವುದಕ್ಕೆ ಆಗುತ್ತಿರಲಿಲ್ಲ. ನಡುಮನೆಯಲ್ಲಿ ಆತ, ಎದುರಿಗೆ ಹಲಗೆ ಹಿಡಿದು ನಾನು. ಹೊರಗೆ ಜಗಲಿಯ ಮೇಲೆ ಚೀಲ ಇಟ್ಟುಕೊಂಡು ಅವ್ವ. ಅಪ್ಪ ಬೆಳಗಾಗುವ ಮೊದಲೇ ಮಾರುಕಟ್ಟೆ ನೋಡಲು ಹೋಗಿದ್ದ. ಬಸ್ಸು ಬರುವ ಹೊತ್ತಿಗೆ ನನ್ನನ್ನು ಕೂಗುತ್ತಾಳೆ. ಕೂಗದಿರಲಿ ದೇವರೇ ಎಂದುಕೊಳ್ಳುತ್ತಾ, ಕೂಗದೆ ಒಬ್ಬಳೇ ಹತ್ತಿಬಿಟ್ಟರೆ ಎಂದು ಗಾಬರಿಯಾಗುತ್ತಾ ಕೂತಿದ್ದೆ.

ತಾತ ಮೊದಲ ತೋಟಾದ ಗುಂಡು ಕಿತ್ತು ಮದ್ದನ್ನು ಕಾಗದದ ಮೇಲೆ ಕೊಡವಿದ. ಪುಡಿಯಾಗಿ ಬೀಳಲಿಲ್ಲ, ಕರಿ ಎಳ್ಳಿನ ಚಿಗಳಿ ಉಂಡೆಯ ಹಾಗೆ ಮುದ್ದೆಯಾಗಿ ಬಿತ್ತು. ಬೆರಳಲ್ಲಿ ಒತ್ತಿ ನೋಡಿದ. ನೀರಲ್ಲ, ಜಿಡ್ಡು. ಮೂಗಿಗೆ ಹಿಡಿದ. ಆಮೇಲೆ ನನ್ನ ಮೂಗಿಗೆ ಹಿಡಿದ.

“ಏನ್ ವಾಸ್ನೆ?”

ಹೇಳುವುದಕ್ಕೆ ಯೋಚನೆ ಬೇಕಿರಲಿಲ್ಲ. ಹರಳೆಣ್ಣೆಗೆ ಮೆಂತ್ಯ, ಮದರಂಗಿ ಸೊಪ್ಪು ಹಾಕಿ ಕುದಿಸಿದ ಎಣ್ಣೆ. ದಿನಾ ಅದೇ ವಾಸನೆಯ ಪಕ್ಕದಲ್ಲಿ ಮಲಗುತ್ತಿದ್ದವಳು ನಾನು.

“ಅಜ್ಜಿ ತಲೆ,” ಎಂದೆ.

ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತನ್ನ ಎಣ್ಣೆಯಿಂದಲೇ ಕೆಟ್ಟಿತೆಂದು ಆಕೆಗೆ ಹಿಂದಿನ ದಿನವೇ ಅನುಮಾನ ಬಂದಿತ್ತೋ, ಆಗ ಗೊತ್ತಾಯಿತೋ, ಆಕೆ ಯಾವತ್ತೂ ಹೇಳಲಿಲ್ಲ. ತಾತ ಏಳಲಿಲ್ಲ, ಕೂಗಲಿಲ್ಲ. ಡಬ್ಬಿ ತೆರೆದಿತ್ತು. ಹಲ್ಲು ಕಚ್ಚಿ ಪಿಸುದನಿಯಲ್ಲೇ ಕೇಳಿದ.

“ಏನಮ್ಮಿ ಮಾಡ್ದೆ ಇವಕ್ಕೆ?”

“ಹಬ್ಬ ಅಲ್ವಾ,” ಅಜ್ಜಿಯದೂ ಪಿಸುದನಿ. “ಎಲ್ರಿಗೂ ಎಣ್ಣೆ ನೀರು ಆಕ್ದೆ. ನೇಗ್ಲು ತೊಳ್ದ್ರಿ, ಗಾಡಿ ತೊಳ್ದ್ರಿ. ಇವು ಮಾತ್ರ ಕತ್ತಲ್ ಪೆಟ್ಗೇಲಿ ಕುಂತವಲ್ಲ ಅಂತ ಎಣ್ಣೆ ಬಟ್ಲಲ್ಲಿ ಒಸಿ ಹೊತ್ತು ನೆನೆಯಾಕ್ದೆ. ಸೀಗೆಪುಡಿ ಆಕಿ ಬಿಸ್ನೀರಲ್ ತೊಳ್ದು ಮಡಗ್ದೆ. ಮನೆ ಮಕ್ಕಳಿಗೆ ಮಾಡ್ದಂಗೆ ಮಾಡಿವ್ನಿ, ಏನ್ ತಪ್ಪು?”

ಮದ್ದು ತುಂಬಿದ ತೋಟಾಕ್ಕೆ ಅಭ್ಯಂಜನ ಮಾಡಿಸಿದ ಹೆಂಗಸು ಭೂಮಿಯ ಮೇಲೆ ಬೇರೆ ಯಾರೂ ಇರಲಾರರು. ತಾತನ ಮುಖದಲ್ಲಿ ಸಿಟ್ಟು ಏರಿ, ಹೋಗಲು ದಾರಿ ಇಲ್ಲದೆ ಅಲ್ಲೇ ಸುತ್ತುತ್ತಿತ್ತು. ಅಷ್ಟರಲ್ಲಿ ಅರಳಿಕಟ್ಟೆಯ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ಅವ್ವ ನನ್ನ ಹೆಸರು ಕೂಗಿದಳು. ಹಲಗೆ ಕೆಳಗಿಟ್ಟು ಓಡಿದೆ.

ಬಸ್ಸಿನಲ್ಲಿ ಹಬ್ಬಕ್ಕೆ ಬಂದು ಹೊರಟವರು ತುಂಬಿದ್ದರು. ಬೋರಣ್ಣನೂ ಇದ್ದ. ಅವ್ವನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ನಾನು ಅವಳ ತೊಡೆಯ ಮೇಲೆ. ಕಂಡಕ್ಟರ್ ಟಿಕೆಟ್ ಹರಿದುಕೊಟ್ಟ. ಬಸ್ಸು ಅಲುಗಿತು. ಆಗ ಕನ್ನಡಕ ಹಣೆಗೇರಿಸಿಕೊಂಡು, ಮಸಿಯಾದ ಕೈಯಲ್ಲೇ ತಾತ ಬಂದು ಬಾಗಿಲಿನ ಕಂಬಿ ಹಿಡಿದ. ಹಿಡಿದು ಏನೋ ಹೇಳಿದ. ಬೆಳಗಿನಿಂದ ಪಿಸುದನಿಯಲ್ಲೇ ಇದ್ದವನಿಗೆ ಗಂಟಲು ಏಳಲಿಲ್ಲವೋ, ನಾಚಿಕೆಯೋ, ಎಂಜಿನ್ನಿನ ಸದ್ದಿನಲ್ಲಿ ಒಂದು ಅಕ್ಷರವೂ ಕೇಳಿಸಲಿಲ್ಲ.

“ನೆನ್ನೆ ಪಿಸ್ತೂಲು ಸದ್ದು ಮಾಡ್ಲಿಲ್ಲ, ಇವತ್ತು ಗೌಡ್ರೇ ಮಾಡ್ತಿಲ್ಲ ಕಣ್ರಪ್ಪಾ,” ಎಂದ ಬೋರಣ್ಣ.

ಬಸ್ಸು ನಕ್ಕಿತು. ಡ್ರೈವರ್ ಹಿಂದೆ ತಿರುಗಿ ನೋಡಿ, ಏನನ್ನಿಸಿತೋ, ಎಂಜಿನ್ ನಿಲ್ಲಿಸಿದ. ಆ ನಿಶ್ಶಬ್ದದಲ್ಲಿ ತಾತ ಬೋರಣ್ಣನ ಕಡೆ ನೋಡಲಿಲ್ಲ, ಅವ್ವನನ್ನೂ ನೋಡಲಿಲ್ಲ, ಬಸ್ಸಿನ ಚಾವಣಿಗೆ ಹೇಳಿದ.

“ತೋಟಾ ಕೆಟ್ಟಿದ್ದು ನನ್ ಸೊಸೆಯಿಂದ ಅಲ್ಲ. ನೆನ್ನೆ ನಿಮ್ಮೆಲ್ರ ಮುಂದೆ ಆ ಮಗೀನ ಬಯ್ದೆ. ನಂದು ತಪ್ಪು. ಇಳೀ ಮಗ.”

ಯಾರೂ ನಗಲಿಲ್ಲ. ಅವ್ವ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು.

“ಇಳಿಯಾಕಿಲ್ಲ ಮಾವ,” ಎಂದಳು ಮೆತ್ತಗೆ. “ಟಿಕೆಟ್ ಆಗೈತೆ.”

ತಾತ ಕಂಬಿ ಬಿಟ್ಟು ಕೆಳಗೆ ನಿಂತ. ಕಂಡಕ್ಟರ್ ಸೀಟಿ ಬಾಯಿಗಿಟ್ಟ. ನನಗೆ ಗಣಿತದ ಪುಸ್ತಕ ಮತ್ತೆ ನೆನಪಾಯಿತು. ಅಷ್ಟರಲ್ಲಿ “ತಡೀರಪ್ಪೋ!” ಎಂದು ಕೂಗುತ್ತಾ ಯಾರೋ ಓಡಿಬಂದರು. ಅಜ್ಜಿ. ಕಂಕುಳಲ್ಲಿ ಒಂದು ಗಂಟು. ತಾತನನ್ನು ಬಳಸಿಕೊಂಡು, ಆತನ ಮುಖ ನೋಡದೆ ಹತ್ತಿ, ನಮ್ಮ ಸೀಟಿನ ತುದಿಯಲ್ಲಿ ಅರ್ಧ ಕೂತಳು.

“ನೀವೆಲ್ಲಿಗೆ?” ಅವ್ವ ಬೆಚ್ಚಿಬಿದ್ದಳು.

“ನಿನ್ ತವರ್ಗೆ. ಇವತ್ತೇನೋ ಮದ್ದಿನ್ ಡಬ್ಬಿ ತಗ್ದವ್ರೆ, ಸುಮ್ನವ್ರೆ. ಹೊತ್ತು ಮುಳುಗುದ್ ಮ್ಯಾಕೆ ಬಾಯ್ ತಗೀತಾರಲ್ಲ, ಆಗ ಆ ಮನೇಲಿ ಒಬ್ಳೇ ಇರಾಕೆ ನಂಗೇನ್ ಹುಚ್ಚಾ?”

ಬಸ್ಸು ಹೊರಟಿತು. ಹಿಪ್ಪುನೇರಳೆ ತೋಟಗಳು ಹಿಂದಕ್ಕೆ ಹೋದವು. ಅಜ್ಜಿ ಒಂದು ಸಲ ಅವ್ವನ ಸೀರೆಯ ಮಡಿಕೆಯ ಮೇಲಿದ್ದ ಹುಲ್ಲುಕಡ್ಡಿ ತೆಗೆದು ಕೆಳಗೆ ಹಾಕಿದಳು. ಕೊನೆಗೆ ಆಕೆಯೇ ಕೇಳಿದಳು, ಬೇರೆ ಯಾರದೋ ಮನೆಯ ಸಂಗತಿ ವಿಚಾರಿಸುವ ಹಾಗೆ.

“ಮುಂದ್ನ ವಾರ ಮರಿಹುಳ ಬತ್ತವೆ. ಸೊಪ್ಪು ಕುಯ್ಯೋರು ಯಾರು?”

ಅವ್ವ ಕಿಟಕಿಯಿಂದ ಹೊರಗೆ ನೋಡುತ್ತಲೇ ಇದ್ದಳು.

“ನಾನಲ್ದೆ ಇನ್ಯಾರ್ ಕುಯ್ತಾರೆ. ಅಷ್ಟ್ರೊಳಗೆ ಬರಾನ ಬುಡಿ,” ಎಂದಳು. ಆಮೇಲೆ ಅಜ್ಜಿಯ ಮುಖ ನೋಡಿ, ನನ್ನನ್ನು ತೊಡೆಯಿಂದ ಇಳಿಸಿ ಎದ್ದು ನಿಂತಳು. “ಸರೀರಿ ಇತ್ಲಾಗೆ, ಕಿಟ್ಕಿ ತಾವ ಕುಂತ್ಕಳಿ. ಬಸ್ಸು ಅಂದ್ರೆ ನಿಮ್ಗೆ ವಾಂತಿ.”

ಅಜ್ಜಿ ನನ್ನ ಕಾಲು ತುಳಿದುಕೊಂಡು ಕಿಟಕಿಗೆ ಸರಿದಳು. ಕನಕಪುರ ಮುಟ್ಟುವ ಮೊದಲೇ ಅವ್ವನ ಮಾತು ನಿಜವಾಯಿತು. ಅವ್ವ ಒಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅಜ್ಜಿಯ ಬೆನ್ನು ನೀವುತ್ತಾ ಕೂತಿದ್ದಳು.